ವಿಮಾನ ಹಾರಿಸಲು ಹೋಗಿ ಬಿಲ್ ಗೇಟ್ಸ್ ಆಗುವ ಅವಕಾಶ ಕಳೆದುಕೊಂಡರೇ? ಗ್ಯಾರಿ ಕಿಲ್ಡಾಲ್ ಅವರ ನಿಜವಾದ ಕಥೆ

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆಗೆ ಕಂಪ್ಯೂಟರ್ ಲೋಕದಿಂದ ಕೊಡುವ ಉದಾಹರಣೆಯೊಂದಿದೆ. ಯಾವುದಾದರೂ ಗ್ರೂಪಿನಿಂದ ಅದು ನಿಮ್ಮ ಮೊಬೈಲಿಗೂ ಬಂದಿರಬಹುದು. ಕಥೆ ಸಾಗುವುದು ಹೀಗೆ:

1980ರಲ್ಲಿ ಜಗತ್ತಿನ ಅತಿ ದೊಡ್ಡ ಕಂಪ್ಯೂಟರ್ ಕಂಪನಿಯಾದ ಐಬಿಎಂನವರು ಗ್ಯಾರಿ ಕಿಲ್ಡಾಲ್ ಎಂಬ ಪ್ರೋಗ್ರಾಮರ್ ಮನೆ ಬಾಗಿಲಿಗೆ ಬಂದರು. ತಮ್ಮ ಹೊಸ ಪರ್ಸನಲ್ ಕಂಪ್ಯೂಟರಿಗೆ ಅವನ ಸಾಫ್ಟ್‌ವೇರ್ ಬೇಕು ಎಂದು ಕೇಳಲು ಬಂದಿದ್ದರು. ಆತ ಅವರನ್ನು ಕಾಯಿಸಿ, ತನ್ನ ಪುಟ್ಟ ವಿಮಾನ ಹತ್ತಿ ಮೋಜಿಗೆ ಹಾರಿಹೋದ. ಸಿಟ್ಟಾದ ಐಬಿಎಂನವರು ಸೀದಾ ಬಿಲ್ ಗೇಟ್ಸ್ ಹತ್ತಿರ ಹೋದರು. ಗೇಟ್ಸ್ ಲೋಕದ ಅತಿ ಶ್ರೀಮಂತರಾದರು, ಕಿಲ್ಡಾಲ್ ಬೀದಿಪಾಲಾದ. ನೀತಿ: ಕೆಲಸದ ಹೊತ್ತಿನಲ್ಲಿ ಮೋಜು ಮಾಡಿದರೆ ಗತಿ ಇದೇ.

ಓದಲು ಚೆನ್ನಾಗಿದೆ. ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ, ಮಕ್ಕಳಿಗೂ ಹೇಳಬಹುದು. ಆದರೆ ಇದರಲ್ಲಿ ನಿಜ ಎಷ್ಟು?

ಚುಟುಕಾಗಿ ಹೇಳಿದರೆ, ಕಿಲ್ಡಾಲ್ ಅವತ್ತು ಬೆಳಿಗ್ಗೆ ವಿಮಾನದಲ್ಲಿ ಹೋಗಿದ್ದು ನಿಜ. ಉಳಿದದ್ದರಲ್ಲಿ ಬಹುಪಾಲು ತಪ್ಪು. ಅವರು ಹೋಗಿದ್ದು ಕೆಲಸದ ಮೇಲೆ, ಮಧ್ಯಾಹ್ನ ವಾಪಸ್ ಬಂದಿದ್ದರು. ಐಬಿಎಂ ಜೊತೆಗಿನ ವ್ಯವಹಾರ ಮುರಿದದ್ದು ದುಡ್ಡು, ಷರತ್ತು ಮತ್ತು ತಡವಾದ ಕೆಲಸದಿಂದ. ಅವರು ಬೀದಿಪಾಲಾಗಲೂ ಇಲ್ಲ. ಈ ಒಂದು ಗಾಳಿಸುದ್ದಿ ಮಾತ್ರ ಅವರ ಜೀವಮಾನದ ಕೆಲಸವನ್ನು ಜನರ ಕಣ್ಣಿನಿಂದ ಮರೆಮಾಡಿತು.

ನಿಮ್ಮ ಕೈಯಲ್ಲೇ ಇದೆ ಅವರ ಗುರುತು

ಕಿಲ್ಡಾಲ್ ಯಾರೆಂದು ನಿಮಗೆ ಗೊತ್ತಿಲ್ಲದಿರಬಹುದು. ಅವರ ಕೆಲಸದ ಗುರುತನ್ನು ಮಾತ್ರ ನೀವು ದಿನಾ ನೋಡುತ್ತೀರಿ.

ವಿಂಡೋಸ್ ಕಂಪ್ಯೂಟರ್ ತೆರೆದರೆ ಮೊದಲು ಕಾಣುವುದು ಸಿ ಡ್ರೈವ್. ಎ ಮತ್ತು ಬಿ ಎಲ್ಲಿ ಹೋದವು ಎಂದು ಎಂದಾದರೂ ಯೋಚಿಸಿದ್ದೀರಾ? ಅವೆರಡೂ ಫ್ಲಾಪಿ ಡ್ರೈವ್‌ಗಳ ಹೆಸರಾಗಿದ್ದವು. ಹಾರ್ಡ್ ಡಿಸ್ಕ್ ಆಮೇಲೆ ಬಂದದ್ದರಿಂದ ಅದಕ್ಕೆ ಸಿ ಸಿಕ್ಕಿತು. ಫ್ಲಾಪಿ ಹೋಗಿ ಎಷ್ಟೋ ವರ್ಷಗಳಾದರೂ ಅಕ್ಷರ ಹಾಗೆಯೇ ಉಳಿದಿದೆ. ಪುಟ್ಟ ಕಂಪ್ಯೂಟರುಗಳಲ್ಲಿ ಡ್ರೈವ್‌ಗೆ ಹೀಗೆ ಎ, ಬಿ ಎಂದು ಅಕ್ಷರ ಕೊಡುವ ರೂಢಿ ಬಂದದ್ದು ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಸಾಫ್ಟ್‌ವೇರ್‌ನಿಂದ.

ಮೊಬೈಲಿನ ಫೈಲ್ ಮ್ಯಾನೇಜರ್ ತೆರೆದು ನೋಡಿ. ಫೋಟೊಗಳಿರುವ ಡಿಸಿಐಎಂ ಫೋಲ್ಡರ್ ಸಿಗುತ್ತದೆ. ಇದು ಡಿಜಿಟಲ್ ಕ್ಯಾಮೆರಾಗಳಿಗಾಗಿ ಮಾಡಿದ ನಿಯಮದಿಂದ ಬಂದ ಹೆಸರು. ಆ ನಿಯಮದ ಪ್ರಕಾರ ಫೋಟೊದ ಹೆಸರಿನಲ್ಲಿ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು ಅಕ್ಷರ ಇರಬೇಕು. ಕ್ಯಾಮೆರಾದ ಫೋಟೊ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ, ಚುಕ್ಕಿ, ಜೆಪಿಜಿ ಎಂದಿರುವುದು ಇದಕ್ಕೇ. ಎಂಟು ಮತ್ತು ಮೂರರ ಈ ಲೆಕ್ಕ ಪರ್ಸನಲ್ ಕಂಪ್ಯೂಟರಿಗೆ ಬಂದದ್ದೂ ಸಿಪಿ/ಎಂನಿಂದ. ಅಲ್ಲಿಂದ ಅದು ಡಾಸ್‌ಗೆ ಹೋಯಿತು, ಡಾಸ್‌ನಿಂದ ಕ್ಯಾಮೆರಾಗೆ, ಕ್ಯಾಮೆರಾದಿಂದ ಮೊಬೈಲಿಗೆ.

ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಇನ್ನೂ ಕೆಲವು ನೆನಪಿರಬಹುದು. ಚಪ್ಪಲಿ ಹೊರಗೆ ಬಿಟ್ಟು, ಎಸಿ ರೂಮಿನಲ್ಲಿ ಕೂತು, ಕಪ್ಪು ತೆರೆಯ ಮೇಲೆ ಡಿಐಆರ್ ಎಂದು ಟೈಪ್ ಮಾಡಿ ಫೈಲುಗಳ ಪಟ್ಟಿ ನೋಡುತ್ತಿದ್ದ ಕಾಲ ಅದು. ಆ ಡಿಐಆರ್ ಆಜ್ಞೆ ಸಿಪಿ/ಎಂನಲ್ಲೂ ಹಾಗೆಯೇ ಇತ್ತು. ಅಲ್ಲಿ ಕಲಿಸುತ್ತಿದ್ದ ವರ್ಡ್‌ಸ್ಟಾರ್, ಡಿಬೇಸ್ ಎರಡೂ ಮೊದಲು ಹೆಸರು ಮಾಡಿದ್ದು ಸಿಪಿ/ಎಂ ಕಂಪ್ಯೂಟರುಗಳ ಮೇಲೆಯೇ.

ಹಡಗಿನ ದಾರಿ ಕಲಿಸುವ ಮನೆತನ

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಅವರ ಕುಟುಂಬ ಅಲ್ಲಿ ನಾವಿಕರಿಗೆ ಪಾಠ ಹೇಳುವ ಶಾಲೆಯೊಂದನ್ನು ನಡೆಸುತ್ತಿತ್ತು. ಸಮುದ್ರದ ನಡುವೆ ಹಡಗು ಎಲ್ಲಿದೆ, ಎತ್ತ ಹೋಗಬೇಕು ಎಂದು ಲೆಕ್ಕ ಹಾಕುವ ವಿದ್ಯೆ ಅದು. ಅಜ್ಜ ಕಟ್ಟಿದ ಶಾಲೆಯಲ್ಲಿ ಅಪ್ಪ ಪಾಠ ಮಾಡುತ್ತಿದ್ದರು, ಗ್ಯಾರಿಯೂ ಅಲ್ಲಿ ದುಡಿದರು. ಬೇರೆಯವರಿಗೆ ಬಿಡಿಸಿ ಹೇಳುವ ಗುಣ ಅವರಿಗೆ ಮನೆಯಿಂದಲೇ ಬಂತು.

ಗಣಿತದ ಮೇಷ್ಟ್ರಾಗಬೇಕು ಎಂದುಕೊಂಡು ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕಂಪ್ಯೂಟರ್ ಕಂಡಮೇಲೆ ಮನಸ್ಸು ಅತ್ತ ತಿರುಗಿತು. ಆಗಿನ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಪ್ರೋಗ್ರಾಮನ್ನು ತೂತು ಹೊಡೆದ ಕಾರ್ಡುಗಳ ಮೇಲೆ ಬರೆದು, ಸರದಿಯಲ್ಲಿ ಕೊಟ್ಟು, ಉತ್ತರ ಬರುವವರೆಗೆ ಕಾಯಬೇಕಿತ್ತು.

ಅದು ವಿಯೆಟ್ನಾಂ ಯುದ್ಧದ ಸಮಯ, ಸೇನೆಯಲ್ಲಿ ಸೇವೆ ಸಲ್ಲಿಸಲೇಬೇಕಿತ್ತು. ನೌಕಾಪಡೆಗೆ ಸೇರಿದ್ದ ಕಿಲ್ಡಾಲ್ ಅವರಿಗೆ ಹಡಗಿನ ಬದಲು ತರಗತಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅವರು ಕಂಪ್ಯೂಟರ್ ಪಾಠ ಶುರುಮಾಡಿದರು. ಪತ್ನಿ ಡೊರೊಥಿ ಜೊತೆ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಮನೆ ಮಾಡಿದರು. ಪಾಠ ಮಾಡುತ್ತಲೇ 1972ರಲ್ಲಿ ಪಿಎಚ್‌ಡಿಯನ್ನೂ ಮುಗಿಸಿದರು.

ತರಗತಿಯ ಹಿಂದಿನ ಪುಟ್ಟ ಕಂಪ್ಯೂಟರ್

1971ರಲ್ಲಿ ಇಂಟೆಲ್ ಕಂಪನಿ 4004 ಎಂಬ ಚಿಪ್ ಹೊರತಂದಿತು. ಕಂಪ್ಯೂಟರಿನ ಮೆದುಳನ್ನೇ ಬೆರಳ ತುದಿಯಷ್ಟು ಜಾಗಕ್ಕೆ ಇಳಿಸಿದ ಚಿಪ್ ಅದು. ಟ್ರಾಫಿಕ್ ಸಿಗ್ನಲ್, ಕ್ಯಾಲ್ಕ್ಯುಲೇಟರ್‌ನಂಥ ವಸ್ತುಗಳೊಳಗೆ ಕೂರಿಸಲು ಇಂಥ ಚಿಪ್ ಒಳ್ಳೆಯದು ಎಂಬುದೇ ಆಗಿನ ಸಾಮಾನ್ಯ ಅಭಿಪ್ರಾಯ. ಇದರಿಂದ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ಕಂಪ್ಯೂಟರ್ ಮಾಡಬಹುದು ಎಂದು ಬೇಗ ಕಂಡವರಲ್ಲಿ ಕಿಲ್ಡಾಲ್ ಒಬ್ಬರು.

ಅವರು ಇಂಟೆಲ್‌ಗೆ ಹೋಗಿ ಬಂದು ಕೆಲಸ ಮಾಡತೊಡಗಿದರು. ಚಿಪ್‌ಗೆ ಸುಲಭವಾಗಿ ಪ್ರೋಗ್ರಾಂ ಬರೆಯಲೆಂದು 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನು ರೂಪಿಸಿದರು. ಕೆಲಸಕ್ಕೆ ಬದಲಾಗಿ ಇಂಟೆಲ್ ಕೊಟ್ಟ ಪುಟ್ಟ ಕಂಪ್ಯೂಟರನ್ನು ತಂದು ತರಗತಿಯ ಹಿಂಭಾಗದಲ್ಲಿ ಇಟ್ಟರು. ವಿದ್ಯಾರ್ಥಿಗಳು ಅದರ ಮೇಲೆ ಕೈ ಪಳಗಿಸಿಕೊಂಡರು.

ಒಂದು ತೊಂದರೆ ಇತ್ತು. ಬರೆದದ್ದನ್ನು ಉಳಿಸಿಡುವುದು ಎಲ್ಲಿ? ಆಗ ಇದ್ದದ್ದು ತೂತು ಹೊಡೆಯುವ ಕಾಗದದ ಪಟ್ಟಿ. ನಿಧಾನ, ಹರಿದರೆ ಹೋಯಿತು. ಅದೇ ಕಾಲಕ್ಕೆ ಎಂಟು ಇಂಚಿನ ಫ್ಲಾಪಿ ಡಿಸ್ಕ್ ಬಂದಿತ್ತು, ಅದರ ಡ್ರೈವ್ ಬೆಲೆ ಮಾತ್ರ ಕೈಗೆಟುಕುವಂತಿರಲಿಲ್ಲ. ಶುಗಾರ್ಟ್ ಎಂಬ ಕಂಪನಿಯಲ್ಲಿ ಪರೀಕ್ಷೆಗೆ ಬಳಸಿ ಸವೆದುಹೋಗಿದ್ದ ಒಂದು ಡ್ರೈವನ್ನು ಕಿಲ್ಡಾಲ್ ಸಂಪಾದಿಸಿದರು. ಅದನ್ನು ಕಂಪ್ಯೂಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ಸ್ ಕೆಲಸ ಅವರಿಗೆ ಒಗ್ಗಲಿಲ್ಲ. ಗೆಳೆಯ ಜಾನ್ ಟೊರೊಡಿ ಅದನ್ನು ಮಾಡಿಕೊಟ್ಟರು. ಡಿಸ್ಕ್ ಮೇಲೆ ಫೈಲುಗಳನ್ನು ಇಡುವ, ಹುಡುಕುವ, ಅಳಿಸುವ ಸಾಫ್ಟ್‌ವೇರನ್ನು ಕಿಲ್ಡಾಲ್ ಬರೆದರು. 1974ರಲ್ಲಿ ಅದು ಕೆಲಸ ಮಾಡಿತು. ಸಿಪಿ/ಎಂ ಹುಟ್ಟಿದ್ದು ಹೀಗೆ.

ಇಂಟೆಲ್‌ಗೆ ತೋರಿಸಿದರು, ಇಂಟೆಲ್ ಆಸಕ್ತಿ ತೋರಲಿಲ್ಲ. ಹಾಗಾಗಿ ತಾವೇ ಮಾರೋಣ ಎಂದು ಗಂಡ ಹೆಂಡತಿ ಸೇರಿ ಕಂಪನಿ ತೆರೆದರು. ಡಿಜಿಟಲ್ ರಿಸರ್ಚ್ ಎಂಬ ಹೆಸರನ್ನು ಆಗಲೇ ಬೇರೆ ಯಾರೋ ಇಟ್ಟುಕೊಂಡಿದ್ದರಿಂದ ಮುಂದೆ ಇಂಟರ್‌ಗ್ಯಾಲಾಕ್ಟಿಕ್ ಎಂದು ಸೇರಿಸಿದರು. ಆ ಭಾರೀ ಹೆಸರಿನ ಕಂಪನಿ ಶುರುವಾದದ್ದು ಮನೆಯಿಂದಲೇ. ಪ್ರೋಗ್ರಾಂ ಕೆಲಸ ಗ್ಯಾರಿಯದು. ಗಿರಾಕಿ, ಒಪ್ಪಂದ, ಲೆಕ್ಕಪತ್ರ ಡೊರೊಥಿ ಅವರದು. ಜಾಹೀರಾತಿನಲ್ಲಿ ಸಿಪಿ/ಎಂ ಬೆಲೆ 70 ಡಾಲರ್ ಎಂದಿತ್ತು.

ಒಲೆ ಯಾವುದಾದರೇನು, ಅಡುಗೆ ಒಂದೇ

ಕಿಲ್ಡಾಲ್ ಅವರ ಅತಿ ದೊಡ್ಡ ಕೊಡುಗೆ ಯಾವುದು? ಅದನ್ನು ತಿಳಿಯಲು ಅಡುಗೆಮನೆಗೆ ಬನ್ನಿ.

ಸೌದೆ ಒಲೆ, ಸೀಮೆಎಣ್ಣೆ ಸ್ಟೌ, ಗ್ಯಾಸ್, ಇಂಡಕ್ಷನ್ ಎಂದು ಒಲೆಗಳು ಹಲವು ಬಗೆ. ಹೊತ್ತಿಸುವ ರೀತಿ ಒಂದೊಂದಕ್ಕೆ ಒಂದೊಂದು. ಆದರೆ ಸಾರು ಮಾಡುವ ವಿಧಾನ ಬದಲಾಗುವುದಿಲ್ಲ. ಪ್ರತಿ ಒಲೆಗೂ ಬೇರೆ ಬೇರೆ ಸಾರಿನ ವಿಧಾನ ಬರೆಯಬೇಕಾಗಿದ್ದರೆ ಹೇಗಿರುತ್ತಿತ್ತು?

ಎಪ್ಪತ್ತರ ದಶಕದ ಪುಟ್ಟ ಕಂಪ್ಯೂಟರುಗಳ ಸ್ಥಿತಿ ಹಾಗೆಯೇ ಇತ್ತು. ಒಂದೊಂದು ಕಂಪನಿಯ ಯಂತ್ರದ ಕೀಲಿಮಣೆ, ಪರದೆ, ಡಿಸ್ಕ್ ಒಂದೊಂದು ಥರ. ಒಂದರಲ್ಲಿ ಓಡುವ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಸಿಪಿ/ಎಂ ಅನ್ನು ಹೊಸ ಹೊಸ ಯಂತ್ರಗಳಿಗೆ ಹೊಂದಿಸಿ ಕೊಡುವುದರಲ್ಲೇ ಕಿಲ್ಡಾಲ್ ಅವರಿಗೂ ಸಾಕುಸಾಕಾಗಿತ್ತು. ಆಗ ಅವರು ಯಂತ್ರಕ್ಕೆ ಸಂಬಂಧಿಸಿದ ಭಾಗವನ್ನೆಲ್ಲ ಒಂದು ಸಣ್ಣ ತುಂಡಾಗಿ ಬೇರೆ ಮಾಡಿದರು. ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ಹೊಸ ಕಂಪ್ಯೂಟರ್ ಬಂದರೆ ಆ ತುಂಡನ್ನಷ್ಟೇ ಬದಲಿಸಿದರೆ ಸಾಕು. ಉಳಿದ ಸಿಪಿ/ಎಂ ಮುಟ್ಟಬೇಕಿಲ್ಲ, ಅದರ ಮೇಲೆ ಓಡುವ ಪ್ರೋಗ್ರಾಮುಗಳನ್ನೂ ಮುಟ್ಟಬೇಕಿಲ್ಲ. ಒಲೆ ಹೊತ್ತಿಸುವ ಕೆಲಸ ಬಯಾಸ್‌ನದು, ಅಡುಗೆ ಎಲ್ಲ ಮನೆಯಲ್ಲೂ ಒಂದೇ.

ಬಯಾಸ್ ಎಂಬ ಪದ ಇವತ್ತಿಗೂ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿಬರುತ್ತದೆ. ಬೇರೆ ಬೇರೆ ಕಂಪನಿಗಳ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಅದೇ ಒಂದು ಆ್ಯಪ್ ಓಡುವುದರ ಹಿಂದೆ ಇರುವುದೂ ಇಂಥದ್ದೇ ಆಲೋಚನೆ.

ಇದರ ಫಲ ಬೇಗ ಕಂಡಿತು. ಹತ್ತಾರು ಕಂಪನಿಗಳು ಸಿಪಿ/ಎಂ ಹಾಕಿ ಕಂಪ್ಯೂಟರ್ ಮಾರಿದವು. 1981ರಲ್ಲಿ ಬಂದ ಆಸ್ಬೋರ್ನ್ 1 ಸೂಟ್‌ಕೇಸಿನಂತೆ ಹಿಡಿ ಹಿಡಿದು ಒಯ್ಯುವ ಕಂಪ್ಯೂಟರ್. ತೂಕ ಸುಮಾರು 11 ಕಿಲೋ, ಪರದೆ ಐದೇ ಇಂಚು. ಇವತ್ತಿನ ಮೊಬೈಲ್ ಪರದೆಗಿಂತ ಚಿಕ್ಕದು! ಆದರೂ ಅದರಲ್ಲಿ ಪತ್ರ ಬರೆಯಬಹುದಿತ್ತು, ಲೆಕ್ಕ ಇಡಬಹುದಿತ್ತು. ಈ ಯಂತ್ರಗಳ ಮೆಮೊರಿ ಸಾಮಾನ್ಯವಾಗಿ 64 ಕಿಲೋಬೈಟ್. ನಿಮಗೆ ಬರುವ ಒಂದು ಶುಭೋದಯದ ಚಿತ್ರವೇ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ ಎಲ್ಲವೂ ನಡೆಯುತ್ತಿತ್ತು.

ಇನ್ನೊಂದು ಸ್ವಾರಸ್ಯ ಇದೆ. 1980ರಲ್ಲಿ ಆ್ಯಪಲ್ 2 ಕಂಪ್ಯೂಟರಿನಲ್ಲಿ ಸಿಪಿ/ಎಂ ಓಡಿಸಲು ಒಂದು ಕಾರ್ಡ್ ಬಂತು. ಡಿಜಿಟಲ್ ರಿಸರ್ಚ್‌ನಿಂದ ಪರವಾನಗಿ ಪಡೆದು ಆ ಕಾರ್ಡನ್ನು ಮಾರಿದ ಕಂಪನಿ ಬೇರೆ ಯಾವುದೂ ಅಲ್ಲ, ಬಿಲ್ ಗೇಟ್ಸ್ ಅವರ ಮೈಕ್ರೋಸಾಫ್ಟ್.

1980ರ ಆ ದಿನ ನಡೆದದ್ದೇನು?

ಈಗ ಆ ಪ್ರಸಿದ್ಧ ಕಥೆಗೆ ಬರೋಣ. ಐಬಿಎಂ ಆಗ ಫ್ಲಾರಿಡಾದಲ್ಲಿ ಗುಟ್ಟಾಗಿ ಒಂದು ಪರ್ಸನಲ್ ಕಂಪ್ಯೂಟರ್ ಮಾಡುತ್ತಿತ್ತು. ಒಂದೇ ವರ್ಷದಲ್ಲಿ ಮುಗಿಸಬೇಕಿತ್ತು. ಹಾಗಾಗಿ ಸಾಫ್ಟ್‌ವೇರನ್ನು ಹೊರಗಿನವರಿಂದ ಕೊಳ್ಳಲು ತೀರ್ಮಾನಿಸಿದರು.

ಕಥೆ ಇಲ್ಲೇ ಮೊದಲ ಸಲ ದಾರಿ ತಪ್ಪುತ್ತದೆ. ಐಬಿಎಂನವರು ಮೊದಲು ಹೋದದ್ದು ಕಿಲ್ಡಾಲ್ ಬಳಿಗಲ್ಲ, ಗೇಟ್ಸ್ ಬಳಿಗೆ. ಮೈಕ್ರೋಸಾಫ್ಟ್ ಆಗ ಪ್ರೋಗ್ರಾಂ ಬರೆಯುವ ಭಾಷೆಗಳನ್ನು ಮಾರುತ್ತಿತ್ತು. ಕಂಪ್ಯೂಟರನ್ನೇ ನಡೆಸುವ ಆಪರೇಟಿಂಗ್ ಸಿಸ್ಟಮ್ ಅದರ ಬಳಿ ಇರಲಿಲ್ಲ. ಅದಕ್ಕೆ ಕಿಲ್ಡಾಲ್ ಅವರನ್ನು ಕಾಣಿ ಎಂದು ಹೇಳಿ ಕಳಿಸಿದವರು ಸ್ವತಃ ಗೇಟ್ಸ್.

ಐಬಿಎಂ ತಂಡ ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಬೆಳಿಗ್ಗೆ ಕಿಲ್ಡಾಲ್ ಸಹೋದ್ಯೋಗಿ ಟಾಮ್ ರೋಲಾಂಡರ್ ಜೊತೆ ತಮ್ಮ ವಿಮಾನದಲ್ಲಿ ಹೊರಟಿದ್ದರು. ಹೋದದ್ದು ಬಿಲ್ ಗಾಡ್‌ಬೌಟ್ ಎಂಬ ಗಿರಾಕಿಯನ್ನು ಕಾಣಲು. ಆ ಭೇಟಿ ಮೊದಲೇ ಗೊತ್ತಾಗಿತ್ತು. ನಮ್ಮಲ್ಲಿ ಬೈಕ್ ಹತ್ತಿ ಪಕ್ಕದ ಊರಿಗೆ ಹೋಗಿ ಬರುವ ಹಾಗೆ ಅವರು ಕೆಲಸಕ್ಕೆ ವಿಮಾನ ಬಳಸುತ್ತಿದ್ದರು. ಒಪ್ಪಂದದ ಕಾಗದಪತ್ರ ನೋಡುವುದು ಹೇಗೂ ಡೊರೊಥಿ ಅವರ ಕೆಲಸ. ಹಾಗಾಗಿ ಐಬಿಎಂನವರನ್ನು ಬರಮಾಡಿಕೊಂಡವರು ಅವರೇ.

ಮಾತು ಶುರುವಾಗುವ ಮೊದಲೇ ಐಬಿಎಂನವರು ಒಂದು ಕಾಗದ ಮುಂದಿಟ್ಟು ಸಹಿ ಕೇಳಿದರು. ತಾವು ಹೇಳಿದ್ದನ್ನು ಡಿಜಿಟಲ್ ರಿಸರ್ಚ್‌ನವರು ಯಾರಿಗೂ ಹೇಳುವಂತಿಲ್ಲ, ಆದರೆ ಡಿಜಿಟಲ್ ರಿಸರ್ಚ್‌ನವರು ಹೇಳಿದ್ದನ್ನು ಗುಟ್ಟಾಗಿಡುವ ಹೊಣೆ ಐಬಿಎಂಗೆ ಇಲ್ಲ. ಇದು ಆ ಕಾಗದದ ಸಾರ. ಡೊರೊಥಿ ಸಹಿ ಹಾಕಲು ಹಿಂಜರಿದು ವಕೀಲರನ್ನು ಕರೆಸಿದರು. ದಿನದ ಬಹುಭಾಗ ಇದರಲ್ಲೇ ಕಳೆಯಿತು.

ಓದದೆ ಸಹಿ ಹಾಕಬೇಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಆಕೆ ಮಾಡಿದ್ದು ಅದನ್ನೇ. ಆದರೂ ಕಥೆಯ ಇನ್ನೊಂದು ರೂಪದಲ್ಲಿ ಹೆಂಡತಿ ಸಹಿ ಹಾಕದೆ ಗಂಡನ ಭಾಗ್ಯ ಕೆಡಿಸಿದಳು ಎಂಬ ಮಾತು ಸೇರಿಕೊಂಡಿತು.

ಮಧ್ಯಾಹ್ನ ಕಿಲ್ಡಾಲ್ ಮರಳಿದರು. ತಾವು ಐಬಿಎಂನವರ ಜೊತೆ ಕೂತು ಮಾತಾಡಿದ್ದಾಗಿ ಅವರೂ ರೋಲಾಂಡರ್ ಅವರೂ ಮುಂದೆ ಹೇಳಿದರು. ಐಬಿಎಂ ತಂಡದ ಜ್ಯಾಕ್ ಸ್ಯಾಮ್ಸ್ ನೆನಪಿನಲ್ಲಿ ಕಿಲ್ಡಾಲ್ ಅವತ್ತು ಭೇಟಿಯಾಗಲೇ ಇಲ್ಲ. ಈ ಎರಡು ನೆನಪುಗಳು ಕೊನೆಯವರೆಗೂ ಹೊಂದಲಿಲ್ಲ. ಆದರೆ ಒಂದು ವಿಷಯದಲ್ಲಿ ಗೊಂದಲವಿಲ್ಲ. ವ್ಯವಹಾರ ಆ ಒಂದು ದಿನಕ್ಕೇ ಮುಗಿಯಲಿಲ್ಲ.

ಹಾಗಾದರೆ ವ್ಯವಹಾರ ಮುರಿದದ್ದು ಯಾಕೆ?

ಮೊದಲನೆಯದು ದುಡ್ಡು. ಮಾರಿದ ಪ್ರತಿ ಕಂಪ್ಯೂಟರಿಗೆ ಇಷ್ಟು ಎಂದು ರಾಯಲ್ಟಿ ಪಡೆಯುವುದು ಡಿಜಿಟಲ್ ರಿಸರ್ಚ್‌ನ ಪದ್ಧತಿ. ಐಬಿಎಂ ಒಂದೇ ಸಲಕ್ಕೆ ಇಡಿಗಂಟು ಕೊಟ್ಟು ಮುಗಿಸಬೇಕೆಂದಿತ್ತು. ಐಬಿಎಂಗೆ ಹಾಗೆ ಕೊಟ್ಟರೆ ಹಳೆಯ ಗಿರಾಕಿಗಳಿಗೆ ಏನು ಹೇಳುವುದು? ಜೊತೆಗೆ ಸಿಪಿ/ಎಂ ಎಂಬ ಹೆಸರನ್ನೂ ಬದಲಿಸಬೇಕು ಎಂದಿತ್ತು ಐಬಿಎಂ. ಮಾರುಕಟ್ಟೆಯಲ್ಲಿ ಅಷ್ಟು ಹೆಸರು ಮಾಡಿದ ವಸ್ತುವಿನ ಹೆಸರು ಬಿಡಲು ಯಾರಿಗಾದರೂ ಕಷ್ಟವೇ.

ಎರಡನೆಯದು ವಿಳಂಬ. ಐಬಿಎಂನ ಹೊಸ ಯಂತ್ರದಲ್ಲಿದ್ದದ್ದು ಇಂಟೆಲ್‌ನ ಹೊಸ ಬಗೆಯ ಚಿಪ್. ಅದಕ್ಕೆ ಬೇಕಾದ ಸಿಪಿ/ಎಂ-86 ಇನ್ನೂ ತಯಾರಾಗಿರಲಿಲ್ಲ. ಇದು ಕಿಲ್ಡಾಲ್ ಅವರದೇ ಲೋಪ ಎನ್ನಬೇಕು. ಹೊಸ ವಿಷಯಗಳ ಬೆನ್ನು ಹತ್ತುವುದರಲ್ಲಿ ಅವರಿಗಿದ್ದ ಆಸಕ್ತಿ ಹೇಳಿದ ದಿನಕ್ಕೆ ಮಾಲು ಮುಟ್ಟಿಸುವುದರಲ್ಲಿ ಇರಲಿಲ್ಲ.

ಆ ವಿಳಂಬ ಇನ್ನೊಬ್ಬರಿಗೆ ದಾರಿ ಮಾಡಿಕೊಟ್ಟಿತು. ಸಿಯಾಟಲ್‌ನ ಒಂದು ಸಣ್ಣ ಕಂಪನಿ ಆ ಹೊಸ ಬಗೆಯ ಚಿಪ್ ಹಾಕಿ ಯಂತ್ರ ಮಾಡಿತ್ತು. ಸಿಪಿ/ಎಂ-86 ಕಾಯುವ ತಾಳ್ಮೆ ಅವರಿಗಿರಲಿಲ್ಲ. ಅಲ್ಲಿದ್ದ ಟಿಮ್ ಪ್ಯಾಟರ್‌ಸನ್ ಎಂಬ ಯುವಕ ಸಿಪಿ/ಎಂ ರೀತಿಯಲ್ಲೇ ನಡೆದುಕೊಳ್ಳುವ ತಮ್ಮದೇ ಆಪರೇಟಿಂಗ್ ಸಿಸ್ಟಮ್ ಬರೆದರು. ಮೈಕ್ರೋಸಾಫ್ಟ್ ಅದನ್ನು ಮೊದಲು 25,000 ಡಾಲರಿಗೆ ಪರವಾನಗಿ ಪಡೆದು, 1981ರಲ್ಲಿ ಇನ್ನೂ 50,000 ಡಾಲರ್ ಕೊಟ್ಟು ಪೂರ್ತಿ ಕೊಂಡುಕೊಂಡಿತು. ಅದನ್ನೇ ತಿದ್ದಿ ಐಬಿಎಂಗೆ ಕೊಟ್ಟಿತು. ಆದರೆ ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ತನ್ನ ಬಳಿಯೇ ಉಳಿಸಿಕೊಂಡಿತು. ಗೇಟ್ಸ್ ಶ್ರೀಮಂತರಾದ ಗುಟ್ಟು ಈ ಒಂದು ಹಕ್ಕಿನಲ್ಲಿತ್ತು.

240 ಡಾಲರ್, 40 ಡಾಲರ್

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾಯಿತು. ಅದರ ಜೊತೆಗಿದ್ದ ಪಿಸಿ ಡಾಸ್ ತಮ್ಮ ಸಿಪಿ/ಎಂ ಅನ್ನು ಎಷ್ಟು ಹೋಲುತ್ತದೆ ಎಂಬುದನ್ನು ಕಂಡ ಕಿಲ್ಡಾಲ್ ಐಬಿಎಂ ಮೇಲೆ ಮೊಕದ್ದಮೆ ಹೂಡುವ ಯೋಚನೆ ಮಾಡಿದರು. ಆಗ ಸಾಫ್ಟ್‌ವೇರ್ ಕೃತಿಸ್ವಾಮ್ಯದ ಕಾನೂನು ಇನ್ನೂ ಸರಿಯಾಗಿ ನೆಲೆಗೊಂಡಿರಲಿಲ್ಲ. ಕೊನೆಗೆ ರಾಜಿಯಾಯಿತು. ಪಿಸಿ ಡಾಸ್ ಜೊತೆಗೆ ಸಿಪಿ/ಎಂ-86 ಅನ್ನೂ ಮಾರುತ್ತೇವೆ ಎಂದು ಐಬಿಎಂ ಒಪ್ಪಿತು, ಕಿಲ್ಡಾಲ್ ದಾವೆ ಹೂಡದಿರಲು ಒಪ್ಪಿದರು. ಗಿರಾಕಿಗಳು ಎರಡನ್ನೂ ನೋಡಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ.

ಅಂಗಡಿಗೆ ಬಂದಾಗ ಪಿಸಿ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್ ಇತ್ತು. ಆರು ಪಟ್ಟು ಹೆಚ್ಚು! ನೀವಾಗಿದ್ದರೆ ಯಾವುದನ್ನು ಕೊಳ್ಳುತ್ತಿದ್ದಿರಿ? ಗಿರಾಕಿಗಳೂ ಅದನ್ನೇ ಕೊಂಡರು.

ಇಲ್ಲಿಂದ ಇನ್ನೊಂದು ಬಗೆಯ ಫಾರ್ವರ್ಡ್ ಹುಟ್ಟಿತು. ಗೇಟ್ಸ್ ಸಿಪಿ/ಎಂ ಅನ್ನು ಕದ್ದರು ಎಂಬುದು ಅದು. ಇದನ್ನೂ ತೂಗಿ ನೋಡಬೇಕು. ಹೊರಗಿನ ರೂಪ, ಆಜ್ಞೆಗಳು, ಪ್ರೋಗ್ರಾಮುಗಳ ಜೊತೆ ಮಾತಾಡುವ ರೀತಿ ಸಿಪಿ/ಎಂನದೇ. ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗಿನ ಕೋಡ್ ನಕಲಾಗಿತ್ತೇ? ಬಾಬ್ ಝೀಡ್‌ಮನ್ ಎಂಬ ಸಾಫ್ಟ್‌ವೇರ್ ತಜ್ಞರು 2012ರಲ್ಲಿ ಎರಡನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿದರು. ಕೋಡ್ ಕದ್ದ ಸುಳಿವು ಅವರಿಗೆ ಸಿಗಲಿಲ್ಲ. ಪಕ್ಕದ ಹೋಟೆಲಿನ ದೋಸೆ ರುಚಿ ನೋಡಿ ಅದೇ ಥರ ದೋಸೆ ಹುಯ್ಯುವುದು ಬೇರೆ, ಅವರ ಹಿಟ್ಟಿನ ಪಾತ್ರೆಯನ್ನೇ ಹೊತ್ತು ತರುವುದು ಬೇರೆ. ಇಲ್ಲಿ ನಡೆದದ್ದು ಮೊದಲನೆಯದು. ಕಿಲ್ಡಾಲ್ ಅವರಿಗೆ ಅದೂ ಅನ್ಯಾಯವೆಂದೇ ಅನಿಸಿತು.

ಬೀದಿಪಾಲಾಗಲಿಲ್ಲ, ಸುಮ್ಮನೆ ಕೂರಲೂ ಇಲ್ಲ

ಫಾರ್ವರ್ಡ್ ಕಥೆಯ ಕೊನೆಯೂ ತಪ್ಪು. ಐಬಿಎಂ ಪಿಸಿ ಬಂದ ಮೇಲೂ ಡಿಜಿಟಲ್ ರಿಸರ್ಚ್ ವರ್ಷಗಟ್ಟಲೆ ನಡೆಯಿತು, ನೂರಾರು ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಒಂದೇ ಸಲಕ್ಕೆ ಹಲವು ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರನ್ನು ಅವರು ಪುಟ್ಟ ಕಂಪ್ಯೂಟರುಗಳಿಗೆ ಬಹಳ ಬೇಗ ತಂದರು. ಮೌಸ್ ಹಿಡಿದು ಚಿತ್ರಗಳ ಮೇಲೆ ಒತ್ತಿ ಕೆಲಸ ಮಾಡುವ ಜೆಮ್ 1985ರಲ್ಲಿ ಬಂತು. ಅಟಾರಿ ಎಸ್‌ಟಿ ಕಂಪ್ಯೂಟರ್ ಕೊಂಡವರು ಅದನ್ನೇ ಬಳಸಿದರು. 1988ರಲ್ಲಿ ಬಂದ ಡಿಆರ್ ಡಾಸ್ ಮೈಕ್ರೋಸಾಫ್ಟ್‌ನ ಡಾಸ್‌ಗೇ ಪೈಪೋಟಿ ಕೊಟ್ಟಿತು.

ಸಿಡಿ ತಟ್ಟೆ ಹಾಡು ಕೇಳಲು ಮಾತ್ರ ಎಂದು ಬಹುಪಾಲು ಜನ ತಿಳಿದಿದ್ದ ಕಾಲದಲ್ಲಿ ಅದರಲ್ಲಿ ಪುಸ್ತಕವನ್ನೂ ಇಡಬಹುದು ಎಂದು ಕಿಲ್ಡಾಲ್ ಇನ್ನೊಂದು ಕಂಪನಿ ಕಟ್ಟಿದರು. 1985ರಲ್ಲಿ ಗ್ರೋಲಿಯರ್ ಸಂಸ್ಥೆಯ ಇಡೀ ವಿಶ್ವಕೋಶ ಒಂದೇ ಸಿಡಿಯಲ್ಲಿ ಬಂದದ್ದು ಅವರ ಕಂಪನಿಯ ತಂತ್ರಜ್ಞಾನದಿಂದ. ಬೇಕಾದ ಪದ ಟೈಪ್ ಮಾಡಿದರೆ ಅದಿರುವ ಪುಟ ಎದುರಿಗೆ ಬರುತ್ತಿತ್ತು. ಗೂಗಲ್ ಹುಟ್ಟಲು ಆಗ ಇನ್ನೂ 13 ವರ್ಷ ಬಾಕಿ ಇತ್ತು.

ಅಮೆರಿಕದವರಿಗೆ ಅವರು ಟಿವಿಯಲ್ಲೂ ಪರಿಚಿತರು. ಸ್ಟುವರ್ಟ್ ಶಿಫೆ ಜೊತೆ 1990ರವರೆಗೆ ಅವರು ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮ ನಡೆಸಿಕೊಟ್ಟರು. ಹೊಸ ಕಂಪ್ಯೂಟರ್, ಪ್ರಿಂಟರ್, ಮೋಡೆಮ್ ಮೇಜಿನ ಮೇಲೆ ಇಟ್ಟು, ತಂದವರನ್ನು ಪ್ರಶ್ನೆ ಕೇಳಿ, ಯಾವುದು ಉಪಯುಕ್ತ ಯಾವುದು ಅಲ್ಲ ಎಂದು ವಿಚಾರಿಸುವ ಕಾರ್ಯಕ್ರಮ ಅದು. ಇವತ್ತಿನ ಗ್ಯಾಜೆಟ್ ವಿಮರ್ಶೆಯ ವಿಡಿಯೊಗಳ ಹಿರಿಯಣ್ಣ ಎನ್ನಬಹುದು. ಹಳೆಯ ಕಂತುಗಳು ಈಗಲೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನೋಡಿದರೆ ಅವರ ಸ್ವಭಾವ ತಿಳಿಯುತ್ತದೆ. ಎದುರಿನವರು ಕಂಪನಿಯ ಪ್ರತಿಸ್ಪರ್ಧಿಯಾದರೂ ಸರಿ, ಮೆಲ್ಲಗೆ, ನಗುತ್ತ, ಕುತೂಹಲದಿಂದ ಕೇಳುತ್ತಿದ್ದರು.

1991ರಲ್ಲಿ ನೋವೆಲ್ ಕಂಪನಿ ಡಿಜಿಟಲ್ ರಿಸರ್ಚ್ ಅನ್ನು ಸುಮಾರು 8 ಕೋಟಿ ಡಾಲರ್ ಬೆಲೆಗೆ ಕೊಂಡಿತು. ಕಿಲ್ಡಾಲ್ ಬಳಿ ಜೆಟ್ ವಿಮಾನ, ಕಾರುಗಳು, ಜಮೀನು ಎಲ್ಲ ಇತ್ತು. ಗೇಟ್ಸ್ ಅವರಷ್ಟು ಇರಲಿಲ್ಲ ಎಂಬುದನ್ನೇ ಬಡತನ ಎಂದು ಕರೆಯುವುದಾದರೆ ಲೋಕದಲ್ಲಿ ಬಡವರಲ್ಲದವರು ಯಾರು?

ಎಲ್ಲಿ ಹೋದರೂ ಅದೇ ಪ್ರಶ್ನೆ

ಕಿಲ್ಡಾಲ್ ಅವರನ್ನು ಕಾಡಿದ್ದು ದುಡ್ಡಿನ ನಷ್ಟಕ್ಕಿಂತ ಹೆಚ್ಚಾಗಿ ಆ ಕಥೆ. ಪತ್ರಿಕೆಗಳು ಬರೆದವು, ಪುಸ್ತಕಗಳು ಬರೆದವು, ಭಾಷಣಗಳಲ್ಲಿ ಉದಾಹರಣೆಯಾಯಿತು. ಎಲ್ಲಿ ಹೋದರೂ ಜನ ಕೇಳುತ್ತಿದ್ದದ್ದು ವಿಮಾನದ ಬಗ್ಗೆ. ಫ್ಲಾಪಿ, ಬಯಾಸ್, ಪಿಎಲ್/ಎಂ ಕೇಳಿದವರು ಕಡಿಮೆ. 1992ರಲ್ಲಿ ಅವರು ಓದಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ 25 ವರ್ಷ ತುಂಬಿತು. ಅಲ್ಲೇ ಪಿಎಚ್‌ಡಿ ಪಡೆದ ಕಿಲ್ಡಾಲ್ ಅವರಿಗೆ ಆಹ್ವಾನ ಬಂತು. ಮುಖ್ಯ ಭಾಷಣಕ್ಕೆ ಕರೆದದ್ದು ಮಾತ್ರ ಬಿಲ್ ಗೇಟ್ಸ್ ಅವರನ್ನು. ಈ ನೋವಿನಲ್ಲೇ ಅವರು ತಮ್ಮ ನೆನಪುಗಳನ್ನು ಬರೆಯಲು ಕುಳಿತರು. ಪುಸ್ತಕ ಅಂಗಡಿಗೆ ಬರಲಿಲ್ಲ. ಕೆಲವೇ ಪ್ರತಿ ಮಾಡಿಸಿ ಬಂಧುಮಿತ್ರರಿಗೆ ಕೊಟ್ಟರು.

ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಡೊರೊಥಿ ಜೊತೆಗಿನ ಮದುವೆ ಎಂಬತ್ತರ ದಶಕದಲ್ಲೇ ಮುರಿದಿತ್ತು. ಕುಡಿತ ಹೆಚ್ಚಿತ್ತು. 1994ರ ಜುಲೈನಲ್ಲಿ ಮಾಂಟೆರೆಯ ಒಂದು ರೆಸ್ಟೊರೆಂಟಿನಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ನಂತರ ಜುಲೈ 11ರಂದು ತೀರಿಕೊಂಡರು. ವಯಸ್ಸು ಕೇವಲ 52.

2014ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ, ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್ ಇದ್ದ ಕಟ್ಟಡದ ಮುಂದೆ ಸ್ಮಾರಕ ಫಲಕ ಹಾಕಿತು. 2016ರಲ್ಲಿ ಮಕ್ಕಳ ಒಪ್ಪಿಗೆಯಿಂದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅವರ ನೆನಪುಗಳ ಮೊದಲ ಭಾಗವನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಅವರ ಮಾತು ಜನರಿಗೆ ತಲುಪಲು ಅವರು ಸತ್ತು 22 ವರ್ಷ ಬೇಕಾಯಿತು.

ಒಂದು ನೋಟದಲ್ಲಿ

ಫಾರ್ವರ್ಡ್: ಮೋಜಿಗೆ ವಿಮಾನ ಹಾರಿಸಲು ಹೋದರು.
ನಿಜ: ಮೊದಲೇ ಗೊತ್ತಾಗಿದ್ದ ಕೆಲಸಕ್ಕೆ ಹೋಗಿದ್ದರು, ಮಧ್ಯಾಹ್ನ ಮರಳಿದರು.

ಫಾರ್ವರ್ಡ್: ಐಬಿಎಂ ಸಿಟ್ಟಾಗಿ ಗೇಟ್ಸ್ ಬಳಿ ಹೋಯಿತು.
ನಿಜ: ಐಬಿಎಂ ಮೊದಲು ಹೋದದ್ದೇ ಗೇಟ್ಸ್ ಬಳಿಗೆ. ಕಿಲ್ಡಾಲ್ ಹೆಸರು ಹೇಳಿದವರು ಗೇಟ್ಸ್.

ಫಾರ್ವರ್ಡ್: ಒಂದು ದಿನದ ಉಡಾಫೆಯಿಂದ ಎಲ್ಲ ಹೋಯಿತು.
ನಿಜ: ರಾಯಲ್ಟಿಯ ಜಗ್ಗಾಟ, ಸಿಪಿ/ಎಂ-86 ತಡವಾದದ್ದು, ಆಮೇಲೆ 240 ಡಾಲರಿನ ಬೆಲೆ. ಇವು ಕಾರಣ.

ಫಾರ್ವರ್ಡ್: ಗೇಟ್ಸ್ ಕೋಡ್ ಕದ್ದರು.
ನಿಜ: ರೂಪ ಸಿಪಿ/ಎಂನದು. ಕೋಡ್ ಕದ್ದ ಸುಳಿವು ಹೋಲಿಕೆಯಲ್ಲಿ ಸಿಕ್ಕಿಲ್ಲ.

ಫಾರ್ವರ್ಡ್: ಕಿಲ್ಡಾಲ್ ಬೀದಿಪಾಲಾದರು.
ನಿಜ: ಸಾಯುವವರೆಗೂ ಶ್ರೀಮಂತರಾಗಿದ್ದರು. ಕಳೆದುಕೊಂಡದ್ದು ಹೆಸರನ್ನು.

ಇನ್ನೊಮ್ಮೆ ಆ ನೀತಿಕಥೆ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಮಾತು ನೆನಪಿಡಿ. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೇ ಒಂದು ಸುಳ್ಳು ಕಥೆ ಒಬ್ಬ ಮನುಷ್ಯನನ್ನು ಸಾಯುವವರೆಗೂ ಬೆನ್ನಟ್ಟಿತು. ಇವತ್ತು ಅದನ್ನು ಹಬ್ಬಿಸಲು ಒಂದು ಬೆರಳು ಸಾಕು. ಆ ಕಥೆ ಬರುವ ಮೊಬೈಲಿನ ಫೋಟೊ ಹೆಸರಿನ ಕೊನೆಯಲ್ಲಿ, ಚುಕ್ಕಿಯ ನಂತರ, ಮೂರು ಅಕ್ಷರಗಳಿವೆಯಲ್ಲ? ಆ ಪದ್ಧತಿ ನಮ್ಮವರೆಗೆ ಬಂದದ್ದು ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಹಾದಿಯಲ್ಲೇ.